ಬಲಕ್ಕೆ ಬಿದ್ದ ಹೂವು

ಪಾಂಡವಪುರದ ಹತ್ತಿರದ ಹೈಸ್ಕೂಲೊಂದರಲ್ಲಿ ನಾನು ಪಿ.ಟಿ. ಟೀಚರು. ನಮ್ಮ ಹುಡುಗಿಯರ ಹಾಕಿ ತಂಡಕ್ಕೆ ಗೋಲ್‌ಕೀಪರುಗಳು ಇಬ್ಬರು, ಕಾಲಿಗೆ ಕಟ್ಟುವ ಪ್ಯಾಡು ಮಾತ್ರ ಒಂದೇ ಜೊತೆ. ಯಾರನ್ನು ನಿಲ್ಲಿಸುವುದು ಎಂಬ ಜಗಳ ಪ್ರತಿ ಪಂದ್ಯಕ್ಕೂ ಇದ್ದದ್ದೇ. ಒಬ್ಬಳು ಎತ್ತರದವಳು, ಕೈ ಚಾಚಿದರೆ ಅರ್ಧ ಗೋಲು ಮುಚ್ಚುತ್ತಿದ್ದಳು. ಇನ್ನೊಬ್ಬಳನ್ನು ಎಲ್ಲರೂ ಗಿಡ್ಡಿ ಎನ್ನುತ್ತಿದ್ದರು. ಮೂರು ಹಸುಗಳ ಹಾಲು ಕರೆದು, ಡೈರಿಗೆ ಹಾಕಿ ಅವಳು ಬರುವಷ್ಟರಲ್ಲಿ ಪ್ರ್ಯಾಕ್ಟೀಸು ಅರ್ಧ ಮುಗಿದಿರುತ್ತಿತ್ತು. ಆದರೆ ಒದೆಯುವ ಹಸುವಿನ ಕಾಲ ಮೇಲೆ ಕಣ್ಣಿಟ್ಟು ಬೆಳೆದವಳು. ಚೆಂಡು ಎದುರಿಗೆ ಬಂದರೂ ರೆಪ್ಪೆ ಬಡಿಯುತ್ತಿರಲಿಲ್ಲ. ಎತ್ತರದವಳು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಸ್ಟಾಫ್ ರೂಮಿನಲ್ಲಿ ಕುಳಿತವರಿಗೆ ಇದು ಹೇಗೆ ಕಾಣಬೇಕು?

ಕೆ.ಆರ್. ಪೇಟೆಯವರ ಜೊತೆ ಪಂದ್ಯ ಗೊತ್ತಾಯಿತು. "ಟೈಮಿಗ್ ಬರ್ದೇ ಇರೋಳ್ನ ನಂಬ್ಕೊಂಡು ಎಂಗ್ ಮೇಡಂ ಆಡ್ಸೋದು?" ಎಂದರು ಹೆಡ್‌ಮಾಸ್ಟರು.

"ಚೆಂಡು ಬರೋ ಟೈಮಿಗೆ ಬರ್ತಾಳೆ ಸಾರ್, ಸಾಕು" ಎಂದೆ.

ವಾದ ಮುಗಿಯಲಿಲ್ಲ. ಕೊನೆಗೆ ಅವರು ನಮ್ಮ ಕಡೆ ಮದುವೆಗೋ ಬೋರ್‌ವೆಲ್‌ಗೋ ಮಾಡುವುದನ್ನೇ ಮಾಡಿದರು: ಊರಮ್ಮನ ಗುಡಿಗೆ ಹೋಗಿ ಹೂ ಕೇಳಿದರು. ಎತ್ತರದವಳೇ ಆಗುವುದಾದರೆ ಬಲಗಡೆ ಕೊಡು ತಾಯಿ, ಬೇಡವಾದರೆ ಎಡಗಡೆ. ಎಲ್ಲರೂ ಕೈಮುಗಿದು ನಿಂತೆವು. ಹೂ ಬಲಕ್ಕೆ ಬಿತ್ತು.

ನನಗೆ ಮೈಯೆಲ್ಲ ಉರಿಯಿತು. ಅಮ್ಮನ ಮೇಲೆ ನನಗೆ ಭಕ್ತಿ ಇದೆ, ಇವತ್ತಿಗೂ ಇದೆ. ಮಂಗಳಾರತಿ ತೆಗೆದುಕೊಂಡು ಮನಸ್ಸಿನಲ್ಲೇ ಹೇಳಿದೆ: ತಾಯಿ, ಮಳೆ ಬೆಳೆ ನೀನು ನೋಡಿಕೋ, ಗೋಲು ನಾನು ನೋಡಿಕೊಳ್ಳುತ್ತೇನೆ.

ಪಂದ್ಯದ ದಿನ ಗಿಡ್ಡಿಯ ಕಾಲಿಗೆ ನಾನೇ ಪ್ಯಾಡು ಕಟ್ಟಿದೆ. ಸೋತೆವು. ಒಂದೇ ಗೋಲು, ಕೊನೇ ಗಳಿಗೆಯಲ್ಲಿ ಅವಳ ಕಾಲ ಸಂದಿಯಲ್ಲೇ ನುಗ್ಗಿತು. ಗೆದ್ದೆತ್ತಿನ ಬಾಲ ಹಿಡಿಯುವವರು ನಮ್ಮವರು. ಅದಕ್ಕೆ ಮುಂಚೆ ಅವಳು ತಡೆದದ್ದನ್ನು ಒಬ್ಬರೂ ಬಾಯಿಗೆ ತರಲಿಲ್ಲ.

"ಅಮ್ಮನ್ ಮಾತ್ನೇ ಮೀರ್ಬುಟ್ರಲ್ಲ ಮೇಡಂ" ಎಂದು ಹೆಡ್‌ಮಾಸ್ಟರು ಎಲ್ಲರ ಮುಂದೆ ಅಂದರು.

"ಊಂ ಸಾರ್, ಮೀರ್ದೆ. ಶಾಪ ಇದ್ರೆ ನಂಗೇ ತಟ್ಲಿ."

ವಾಪಸು ಬರುವಾಗ ಬಸ್ಸಿನಲ್ಲಿ ಗಿಡ್ಡಿ ಪ್ಯಾಡು ಬಿಚ್ಚದೆ, ಕಾಲು ಮಡಿಸಲಾಗದೆ, ಓಡಾಡುವ ದಾರಿಗೇ ಚಾಚಿಕೊಂಡು ಕುಳಿತಿದ್ದಳು. ಕಂಡಕ್ಟರು ಬೈದ. "ಬಿಚ್ಚಮ್ಮಿ" ಎಂದೆ.

"ಬಿಚ್ಚುದ್ರೆ ಅವ್ಳಿಗ್ ಕೊಟ್ಬುಡ್ತೀರ."

ಎತ್ತರದವಳು ಪಕ್ಕದಲ್ಲೇ ಇದ್ದಳು. "ನಂಗ್ ಬ್ಯಾಡ ಕಣಮ್ಮಿ. ಚೆಂಡ್ ಕಂಡ್ರೆ ಜೀವ ಓಯ್ತದೆ" ಎಂದವಳು ನನ್ನ ಕಡೆ ತಿರುಗಿದಳು. "ಅಮ್ಮನ್ನ ಕೇಳುದ್ರಿ ಮೇಡಂ. ನನ್ನ ಯಾರೂ ಕೇಳ್ನಿಲ್ಲ."

ನಾನೂ ಕೇಳಿರಲಿಲ್ಲ. ನಾಚಿಕೆಯಾಯಿತು.

ನಾಗಮಂಗಲದ ಪಂದ್ಯ ಬಂದಾಗ ಹೆಡ್‌ಮಾಸ್ಟರು ಮತ್ತೆ ಗುಡಿಗೆ ಹೊರಟರು. ಹೋಗಿ ಬನ್ನಿ ಸಾರ್ ಎಂದೆ. ಪ್ಯಾಡು ಆಗಲೇ ಗಿಡ್ಡಿಯ ಮನೆ ಸೇರಿತ್ತು, ಕೊಟ್ಟಿಗೆಯ ಮೊಳೆಗೆ ನೇತುಹಾಕಿಕೊಂಡಿದ್ದಳು.