ಗುರುಸಿದ್ದಯ್ಯನ ಎಡಗೈ

ರಾಜಾಜಿನಗರದ ಗುರುಸಿದ್ದಯ್ಯ ವಿಸ್ಕಿ ಮಾಡುವುದನ್ನು ಕಲಿಯಲು ಹೊರಟದ್ದು ಒಂದೇ ಕೈಯಲ್ಲಿ. ಅದು ಒಂದೇ ಕೈಗೆ ಒಲಿಯುವ ವಿದ್ಯೆಯಲ್ಲ ಎಂದು ಗೊತ್ತಾಗುವ ಹೊತ್ತಿಗೆ ಎರಡು ಮೂಟೆ ಜವೆಗೋಧಿ ಕೊಳೆತು ತಿಪ್ಪೆ ಸೇರಿತ್ತು.

ಹೊಸದುರ್ಗದ ಕಡೆಯ ಜಂಗಮರ ಮನೆಯವನು. ದಿನಾ ಬೆಳಿಗ್ಗೆ ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟು ಪೂಜೆ ಮಾಡದೆ ತೊಟ್ಟು ನೀರು ಕುಡಿದವನಲ್ಲ. ಪೂಜೆಗೆ ಮುಂಚೆ ತಾಯಿ ಕಮಲಾಕ್ಷಮ್ಮನವರು ವಿಭೂತಿ ಗಟ್ಟಿ ತಂದು ಮಗನ ಅಂಗೈಗೆ ತಾವೇ ತಿಕ್ಕಬೇಕು. ಮೂವತ್ತೆರಡು ತುಂಬಿ, ಮದುವೆಯಾಗಿ, ಮನೆಯಲ್ಲೊಂದು ಕೂಸು ಅಂಬೆಗಾಲಿಡುತ್ತಿದ್ದರೂ ಆ ಪದ್ಧತಿ ತಪ್ಪಿರಲಿಲ್ಲ.

ಇಂಥವನು ಹೊಟ್ಟೆಪಾಡಿಗೆ ಸೇರಿದ್ದು ಕೆಂಗೇರಿಯಾಚೆಯ ಒಂದು ಡಿಸ್ಟಿಲರಿ. ಐದು ವರ್ಷ ಬಾಟಲಿ ತೊಳೆದ. ಮನೆಯಲ್ಲಿ ಹೇಳಿದ್ದು 'ಔಷಧಿ ಸ್ಪಿರಿಟ್ ಕಂಪನಿ' ಅಂತ. ಪೂರ್ತಿ ಸುಳ್ಳೇನಲ್ಲ, ಆಸ್ಪತ್ರೆಗೆ ಹೋಗುವ ಸ್ಪಿರಿಟ್ಟೂ ಅಲ್ಲೇ ಒಂದು ಮೂಲೆಯಲ್ಲಿ ತಯಾರಾಗುತ್ತಿತ್ತು. ಆದರೆ ಮುಕ್ಕಾಲು ಸುಳ್ಳನ್ನು ಹೊತ್ತು ತಿರುಗುವುದು ಪೂರ್ತಿ ಸುಳ್ಳಿಗಿಂತ ಭಾರ, ಹೊತ್ತವರಿಗೇ ಗೊತ್ತು.

ಎಪ್ಪತ್ತೈದರ ಬೇಸಿಗೆಯಲ್ಲಿ ಮಾಲೀಕರಿಗೆ ಹೊಸ ಹುಕಿ ಹತ್ತಿತು. ಅಲ್ಲಿಯವರೆಗೆ ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಮಾಡುತ್ತಿದ್ದ ವಿಸ್ಕಿಯನ್ನು ಇನ್ನು ಬಾರ್ಲಿಯಿಂದ, ಅಂದರೆ ಜವೆಗೋಧಿಯಿಂದ ಮಾಡಬೇಕು ಎಂದರು. ಕಲಿಸಲು ಗೋಪೀನಾಥ ಎಂಬುವರು ಬಂದರು. ಹದಿನೆಂಟು ವರ್ಷ ಉತ್ತರದಲ್ಲಿ ಇದೇ ಕೆಲಸ ಮಾಡಿದ ಮನುಷ್ಯ. ಆರು ಜನ ಕೆಲಸಗಾರರಿಗೆ ಮೂರು ತಿಂಗಳ ಕ್ಲಾಸು. ಗೆದ್ದವನಿಗೆ ಭಟ್ಟಿಮನೆಯ ಉಸ್ತುವಾರಿ, ಉಳಿದವರಿಗೆ ಮತ್ತೆ ಹಳೆಯ ಜಾಗ. ಬಾಟಲಿ ತೊಳೆದು ತೊಳೆದು ಬೆರಳು ಸುಕ್ಕುಗಟ್ಟಿದ್ದ ಗುರುಸಿದ್ದಯ್ಯ ತಾನಾಗಿಯೇ ಹೆಸರು ಕೊಟ್ಟ. ಆಸೆ ಅವನಿಗೂ ಇತ್ತು, ಅದರಲ್ಲಿ ಮುಚ್ಚಿಡುವಂಥದ್ದೇನಿಲ್ಲ.

"ಪುಸ್ತಕ ಬೇಡ, ಕೈ ತನ್ನಿ ಸಾಕು," ಎಂದರು ಗೋಪೀನಾಥ ಮೊದಲ ದಿನವೇ. "ಇನ್ನೊಂದು ಮಾತು. ಕುಡಿಯೋನು ನನ್ನ ಕ್ಲಾಸಲ್ಲಿ ಫೇಲು. ಕುಡಿದೋನ ಮೂಗು ಕೆಲ್ಸಕ್ಕೆ ಬರಲ್ಲ."

ಗುರುಸಿದ್ದಯ್ಯನ ಎದೆಯ ಮೇಲಿದ್ದ ಕಲ್ಲು ಇಳಿದಂತಾಯಿತು. ನಾಲಿಗೆಯ ಚಿಂತೆ ತೀರಿತು. ಆದರೆ ಕೈಯ ಚಿಂತೆ ಉಳಿಯಿತು.

ಮೊದಲ ಪಾಠ ಮೊಳಕೆ ಬರಿಸುವುದು. ಕಾಳು ನೆನೆಸಿ, ಸಿಮೆಂಟು ನೆಲದ ಮೇಲೆ ಹರಡಿ, ದಿನಕ್ಕೆ ನಾಲ್ಕು ಸಲ ಮರದ ಸಲಿಕೆಯಿಂದ ಮಗುಚಬೇಕು. ಮಗುಚಿದ ಮೇಲೆ ಎರಡೂ ಕೈ ಒಳಗಿಳಿಸಿ, ಹೆಣೆದುಕೊಂಡ ಬೇರು ಬಿಡಿಸಬೇಕು. ಗುರುಸಿದ್ದಯ್ಯ ಎಡಗೈಯನ್ನು ಪ್ಯಾಂಟಿನ ಜೇಬಿನಿಂದ ತೆಗೆಯಲೇ ಇಲ್ಲ. ಲಿಂಗ ಹಿಡಿಯುವ ಕೈ ಹೆಂಡದ ಕಾಳನ್ನು ಮುಟ್ಟಬಾರದು ಎಂದು ಅವನೇ ಮಾಡಿಕೊಂಡ ಕಟ್ಟಳೆ. ಖಾಲಿ ಬಾಟಲಿ ತೊಳೆಯುವಾಗ ಅದು ಅಡ್ಡ ಬಂದಿರಲಿಲ್ಲ. ಬಲಗೈ ಒಂದರಲ್ಲೇ ಸಲಿಕೆ ಆಡಿಸಿದರೆ ಏನಾದೀತು? ಮೇಲಿನದು ಮೇಲೆಯೇ ಉಳಿಯಿತು, ಅಡಿಯದು ಅಡಿಯಲ್ಲೇ ಬಿಸಿಯಾಗಿ ಹುಳಿ ನಾತ ಹೊಡೆಯಿತು. ಎರಡನೇ ಸಲವೂ ಅದೇ ಕಥೆ.

"ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ, ಅಯ್ನೋರೇ," ಎಂದರು ಗೋಪೀನಾಥ. "ನಿಮ್ದು ಒಂದೇ ಕೈ ಕೆಸರು, ಅದಕ್ಕೇ ಮೊಸರು ಹುಳಿ. ಆ ಕೈಗೇನಾಗಿದೆ?"

ಗುರುಸಿದ್ದಯ್ಯ ಕಾರಣ ಹೇಳಿದ. ಅವರು ನಗಲಿಲ್ಲ. "ಮೂರನೇ ಮೂಟೆ ಕೊನೇದು. ನೋಡ್ಕೊಳ್ಳಿ," ಎಂದಷ್ಟೇ ಹೇಳಿ ಹೋದರು.

ಅಂದು ಸಂಜೆ ಮನೆಯಲ್ಲಿ ಕಮಲಾಕ್ಷಮ್ಮನವರು ಮೊಮ್ಮಗುವಿನ ಮಾಲ್ಟಿಗೆಂದು ಮೊಳಕೆ ಕಟ್ಟಿದ್ದ ರಾಗಿಯ ಗಂಟು ಬಿಚ್ಚುತ್ತಿದ್ದರು. ಗುರುಸಿದ್ದಯ್ಯ ಎಷ್ಟು ವರ್ಷದಿಂದ ನೋಡಿದ್ದನೋ, ಕಂಪನಿಯ ಪಾಠವೂ ಇದೇ ಎಂದು ಕಂಡದ್ದು ಅಂದೇ. ಮರುದಿನ ಒಂದು ಸೇರು ಜವೆಗೋಧಿ ತಂದು ತಾಯಿಯ ಮುಂದಿಟ್ಟ.

"ಏನೋ ಇದು?"

"ಕಂಪನೀದು, ಅವ್ವ. ರೋಗಿಗಳ ಗಂಜಿಗೆ. ಮೊಳಕೆ ಸರಿಯಾಗಿ ಬರ್ತಿಲ್ಲ."

ಅವರು ನೆನೆಹಾಕಿದರು. ನಡುನಡುವೆ ನೀರು ಬಸಿದಿಟ್ಟರು. "ಕಾಳಿಗೂ ಉಸಿರಿದೆ ಕಣೋ, ಮುಳುಗಿಸಿಯೇ ಇಟ್ರೆ ಸಾಯುತ್ತೆ," ಎಂದರು. ಮೂರನೇ ದಿನ ಬೆತ್ತದ ಮೊರದಲ್ಲಿ ಹರಡಿ, ಮಗನಿಗೆ ಕೆದಕಲು ಹೇಳಿದರು. ಅಭ್ಯಾಸಬಲ, ಅವನು ಬಲಗೈ ಒಂದನ್ನೇ ಹಾಕಿದ. ತಾಯಿ ಪಟ್ಟನೆ ಬೆನ್ನಿಗೊಂದು ಬಿಟ್ಟರು.

"ಎರಡೂ ಕೈ ಹಾಕೋ! ಹೊಟ್ಟೆ ತುಂಬ್ಸೋ ಕಾಳಿಗೆ ಎಂಥ ಮೈಲಿಗೆ? ಸೌತೆಕಾಯಿ ವಾಸನೆ ಬರೋವರೆಗೂ ಬಿಡಿಸು. ಆಮೇಲೆ ಕಾಳು ಹಿಸುಕಿ ನೋಡು. ವಿಭೂತಿ ಹತ್ತಿದ ಹಾಗೆ ಬೆರಳಿಗೆ ಬಿಳೀಗೆ ಹತ್ತಿದ್ರೆ ಹದ ಬಂತು ಅಂತ."

ಗುರುಸಿದ್ದಯ್ಯ ಎಡಗೈ ಇಳಿಸಿದ. ಕಾಳು ತಣ್ಣಗಿತ್ತು, ಮೆತ್ತಗಿತ್ತು. ಸಂತೋಷವಾಯಿತು, ಜೊತೆಗೆ ನಾಚಿಕೆಯೂ ಆಯಿತು.

ಮೂರನೇ ಮೂಟೆಗೆ ಅವನು ಎರಡೂ ತೋಳು ಮಡಚಿ ಮೊಣಕೈವರೆಗೆ ಇಳಿದ. ಆರನೇ ದಿನ ಮೊಳಕೆಯ ಕೋಣೆ ಹೆಚ್ಚಿಟ್ಟ ಸೌತೆಕಾಯಿಯಂತೆ ಘಮ್ಮೆಂದಿತು. ಗೋಪೀನಾಥ ಒಂದು ಕಾಳು ಹಿಸುಕಿ, ಬಿಳಿಯಾದ ಬೆರಳನ್ನು ಎಲ್ಲರಿಗೂ ತೋರಿಸಿದರು. ಉಳಿದ ಐವರ ಕಾಳು ಆ ಹದಕ್ಕೆ ಬಂದಿರಲಿಲ್ಲ, ಭಟ್ಟಿಮನೆ ಗುರುಸಿದ್ದಯ್ಯನದಾಯಿತು.

"ಯಾರು ಹೇಳ್ಕೊಟ್ರು?"

"ನಮ್ಮವ್ವ, ಸಾರ್."

"ಭಾನುವಾರ ಬಂದು ಅವ್ರಿಗೆ ಕೈ ಮುಗೀಬೇಕಲ್ಲ!"

ಗುರುಸಿದ್ದಯ್ಯ ಭಾನುವಾರದವರೆಗೆ ಕಾಯಲಿಲ್ಲ. ಬೇರೆಯವರ ಬಾಯಿಂದ ಅವ್ವನಿಗೆ ತಿಳಿಯುವುದು ಬೇಡವೆಂದು ಶನಿವಾರ ಸಂಜೆ ತಾನೇ ಹೋಗಿ ಎದುರು ಕೂತ. ಅವರು ಅಕ್ಕಿ ಆರಿಸುತ್ತಿದ್ದರು.

"ಅವ್ವ, ಆ ಕಾಳು ಗಂಜಿಗಲ್ಲ. ವಿಸ್ಕಿಗೆ."

"ಹೆಂಡವಾ?"

"ಹೂಂ. ನಾನು ಕುಡಿದಿಲ್ಲ, ಕುಡಿಯೋದೂ ಇಲ್ಲ. ಆದ್ರೆ ಸುಳ್ಳು ಹೇಳಿದೆ."

ಅವರು ಮೊರವನ್ನು ಹಾಗೇ ಬಿಟ್ಟು ಎದ್ದು ಒಳಗೆ ಹೋದರು. ಬೆಳಿಗ್ಗೆ ಅವನು ಸ್ನಾನ ಮಾಡಿ ಮಣೆಯ ಮೇಲೆ ಕೂತು ಅಂಗೈ ಚಾಚಿದ. ತಾಯಿ ಬರಲಿಲ್ಲ. ವಿಭೂತಿ ಗಟ್ಟಿ ಕೈಗೆಟುಕುವಲ್ಲೇ ಇತ್ತು, ತಾನೇ ಹಚ್ಚಿಕೊಳ್ಳಬಹುದಿತ್ತು, ಮನಸ್ಸು ಬರಲಿಲ್ಲ. ಪೂಜೆಯಿಲ್ಲ, ಹಾಗಾಗಿ ನೀರೂ ಇಲ್ಲ. ಅವ್ವ ಇನ್ನು ಈ ಕೈಯನ್ನು ಮುಟ್ಟುವುದಿಲ್ಲವೆಂದರೆ ಯಾವ ಭಟ್ಟಿಮನೆ ಇಟ್ಟುಕೊಂಡು ಏನು ಮಾಡಲಿ ಎನಿಸಿ ಅವನಿಗೆ ಅಳುವೇ ಬಂತು.

ಹನ್ನೊಂದಕ್ಕೆ ಗೋಪೀನಾಥರ ಸ್ಕೂಟರು ಬಂದು ನಿಂತಿತು. ಅತಿಥಿಯ ಮೇಲೆ ಸಿಟ್ಟು ತೋರಿಸುವ ಮನೆಯಲ್ಲ ಅದು. ಕಮಲಾಕ್ಷಮ್ಮನವರು ಕಾಫಿ ತಂದಿಟ್ಟರು. ಗೋಪೀನಾಥ ಎದ್ದು ಕೈ ಮುಗಿದು, ಒಣಗಿಸಿದ ಮೊಳಕೆಕಾಳಿನ ಪೊಟ್ಟಣವನ್ನು ಅವರ ಮುಂದಿಟ್ಟರು.

"ನಿಮ್ಮ ಮಗಂದೇ ಕೆಲ್ಸ, ಅಮ್ಮ. ಎರಡು ಮೂಟೆ ಕೊಳೀತು, ಬೈದೆ, ಗೇಲಿ ಮಾಡ್ದೆ, ಎಡಗೈ ಜೇಬಿಂದ ಆಚೆ ತೆಗೀಲಿಲ್ಲ ಪುಣ್ಯಾತ್ಮ. ನೀವು ಒಂದು ಮಾತಲ್ಲಿ ತೆಗೆಸಿದ್ರಿ."

"ಯಾಕಂತೆ ಜೇಬಲ್ಲಿ?" ಅವರು ಬಾಯಿಬಿಟ್ಟದ್ದು ಆಗಲೇ.

"ಲಿಂಗ ಹಿಡಿಯೋ ಕೈಯಂತೆ. ಭಟ್ಟಿಮನೆ ಕೈ ತಪ್ಪಿದ್ರೂ ಪರ್ವಾಗಿಲ್ಲ, ಕಾಳು ಮುಟ್ಟಬಾರದು ಅಂತ."

ಕಮಲಾಕ್ಷಮ್ಮನವರು ಮಗನ ಕಡೆ ನೋಡಿದರು. ಅವನು ನೆಲ ನೋಡುತ್ತಿದ್ದ.

ಸ್ಕೂಟರು ಹೋದ ಮೇಲೆ ಅವರು ಪೊಟ್ಟಣ ಬಿಚ್ಚಿ, ಒಂದು ಕಾಳನ್ನು ಹಲ್ಲಲ್ಲಿ ಒಡೆದು ಬೆರಳಲ್ಲಿ ತಿಕ್ಕಿದರು. ಬೆರಳು ಬಿಳಿಯಾಯಿತು. ಹದ ಚೆನ್ನಾಗಿದೆ ಎಂಬಂತೆ ತಲೆಯಾಡಿಸಿ ದೇವರ ಕೋಣೆಗೆ ಹೋದರು. ಬಂದಾಗ ಕೈಯಲ್ಲಿ ವಿಭೂತಿ ಗಟ್ಟಿಯಿತ್ತು.

"ಮೊಳಕೆ ಬರೋವರೆಗೂ ಏನು ಬೇಕಾದ್ರೂ ಕೇಳು, ಹೇಳ್ತೀನಿ. ಆಮೇಲಿನ ಸುದ್ದಿ ನನ್ನ ಹತ್ರ ಎತ್ಬೇಡ. ಸುಳ್ಳಂತೂ ಇನ್ನೊಂದು ಸಲ ಹೇಳ್ಬೇಡ," ಎಂದರು. "ಎಡಗೈ ಚಾಚೋ. ಹೊತ್ತು ನೆತ್ತಿಗೆ ಬಂತು, ಇನ್ನೂ ನೀರೂ ಕುಡಿದಿಲ್ಲ ನೀನು."