ವೆಂಕಟಸ್ವಾಮಿಯ ನಡಿಗೆ

ಜರಗನಹಳ್ಳಿಯ ಜನಕ್ಕೆ ಒಬ್ಬ ಮನುಷ್ಯನ ಬಗ್ಗೆ ತೀರ್ಮಾನ ಮಾಡಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಗಾರೆ ಮೇಸ್ತ್ರಿ ವೆಂಕಟಸ್ವಾಮಿ ಕನಕಪುರ ರಸ್ತೆಯಲ್ಲಿ ಬಸ್ಸಿಳಿದು, ಕಾಲುಗಳನ್ನು ಅಗಲವಾಗಿ ಊರಿಕೊಂಡು, ಒಮ್ಮೆ ಈ ಗೋಡೆಗೆ ಒಮ್ಮೆ ಆ ಕಾಂಪೌಂಡಿಗೆ ಕೈ ತಾಗಿಸುತ್ತ ಮನೆ ಕಡೆ ಬರುವುದನ್ನು ಕಂಡ ಮೇಲೆ ಇನ್ಯಾವ ವಿಚಾರಣೆ ಬೇಕು? "ಏನ್ ಮೇಸ್ತ್ರಿ, ಇವತ್ತು ಸ್ವಲ್ಪ ಜಾಸ್ತಿ ಆಯ್ತಾ?" ಎಂದು ಬೀಡಾ ಅಂಗಡಿಯ ಮುಂದೆ ನಿಂತವರು ಕೇಳುತ್ತಿದ್ದರು. ಕೇಳುವವರಲ್ಲಿ ಅರ್ಧ ಜನ ಆಗಷ್ಟೇ ಬಾರಿನಿಂದ ಎದ್ದು ಬಂದವರು ಎಂಬುದು ಬೇರೆ ಮಾತು. ವೆಂಕಟಸ್ವಾಮಿ ಮೊದಮೊದಲು "ಇಲ್ಲಪ್ಪ, ನಾನು ಮುಟ್ಟಲ್ಲ" ಎನ್ನುತ್ತಿದ್ದ. ಆಮೇಲಾಮೇಲೆ ಅವನ ನಾಲಿಗೆಯೂ ಹೊರಳದಾಯಿತು. ತೊದಲುತ್ತ ನಿಂತವನು ತಾನು ಕುಡಿದಿಲ್ಲ ಎಂದರೆ ಕೇಳಿದವರಿಗೆ ನಗು ಬರದೆ ಇನ್ನೇನು ಬಂದೀತು?

ಒಂದು ಕಾಲಕ್ಕೆ ಅವನ ಕೈಕೆಲಸಕ್ಕೆ ಹೆಸರಿತ್ತು. ಜೆ.ಪಿ. ನಗರದ ಎಷ್ಟೋ ಮನೆಗಳ ಗೋಡೆ ಅವನ ಕರಣೆಯಲ್ಲಿ ನುಣುಪಾದದ್ದು. ಕಾಲು ಹಿಡಿತ ತಪ್ಪಿದ ಮೇಲೆ ಕಂಟ್ರಾಕ್ಟರುಗಳು ಅವನನ್ನು ಸಾರುವೆ ಹತ್ತಲು ಬಿಡಲಿಲ್ಲ. "ಕುಡಿದು ಬಿದ್ದು ಸತ್ರೆ ನನ್ ತಲೆಗೆ ಬರುತ್ತೆ, ಹೋಗಪ್ಪ" ಎಂದು ಕಳಿಸಿದರು. ಕೊನೆಗೆ ಒಂದು ಅರ್ಧಕಟ್ಟಿದ ಅಪಾರ್ಟ್‌ಮೆಂಟಿನ ಗೇಟು ಕಾಯುವ ಕೆಲಸ ಸಿಕ್ಕಿತು. ಅಲ್ಲಿಯೂ ಕುರ್ಚಿಯಿಂದ ಏಳುವಾಗ ಎರಡು ಸಲ ಬಿದ್ದ ಮೇಲೆ ಅದೂ ಹೋಯಿತು.

ಹೊರಗಿನವರು ಹಾಳಾಗಲಿ, ಹೆಂಡತಿ ಅಕ್ಕಯಮ್ಮನೇ ಅವನನ್ನು ನಂಬಲಿಲ್ಲ. ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ದಿನವೆಲ್ಲ ಮೆಷಿನ್ ತುಳಿದು ಬರುವ ಹೆಂಗಸು ಅವಳು. ಬಂದವಳೇ ಗಂಡನ ಬಾಯಿಯ ಹತ್ತಿರ ಮೂಗು ಒಯ್ದು ಮೂಸಿ ನೋಡುತ್ತಿದ್ದಳು. ಏನೂ ವಾಸನೆ ಇರುತ್ತಿರಲಿಲ್ಲ. ಅದನ್ನು ತಮ್ಮ ಶಾಮಣ್ಣನಿಗೆ ಹೇಳಿದಾಗ ಅವನು, "ವೋಡ್ಕಾ ಕುಡಿದ್ರೆ ವಾಸ್ನೆ ಬರಲ್ಲ ಕಣಕ್ಕ, ಭಾವ ಬುದ್ಧಿವಂತ್ರು" ಎಂದು ಅವಳ ಅನುಮಾನಕ್ಕೆ ಒಳ್ಳೆಯ ಬೀಗ ಹಾಕಿದ. ಶಾಮಣ್ಣ ಕೆಟ್ಟವನಲ್ಲ. ತನಗೆ ಗೊತ್ತಿದ್ದ ವಿಷಯದಲ್ಲಿ ಅವನು ಪ್ರಾಮಾಣಿಕನಾಗಿದ್ದ, ಅಷ್ಟೇ.

ಕುಡಿಯುವವರಿಗೆ ಗೊತ್ತಾಗದ ಹಾಗೆ ಕುಡಿತ ಬಿಡಿಸುವ ಪುಡಿಯ ಜಾಹೀರಾತನ್ನು ಅಕ್ಕಯಮ್ಮ ನೋಡಿದ್ದು ಬಸ್ಸಿನ ಸೀಟಿನ ಹಿಂದೆ. ತರಿಸಿದಳು. ಸಾರಿನಲ್ಲಿ ಕಲೆಸಿ ಬಡಿಸಿದಳು. ಗಂಡ ಮಾತಿಲ್ಲದೆ ಉಂಡು ಎದ್ದ. ಕೆಲವು ದಿನ ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡ. ಒಳಗಿನ ವಿಷ ಹೊರಗೆ ಹೋಗುತ್ತಿದೆ ಎಂದು ಅವಳಿಗೆ ಸಮಾಧಾನ. ಆದರೆ ನಡಿಗೆ ಮಾತ್ರ ನೆಟ್ಟಗಾಗಲಿಲ್ಲ, ವರ್ಷದಿಂದ ವರ್ಷಕ್ಕೆ ಇನ್ನಷ್ಟು ಕೆಟ್ಟಿತು.

ಮಗಳು ಸುರಭಿಯ ನಿಶ್ಚಿತಾರ್ಥದ ದಿನ ಎಲ್ಲ ಮುಗಿದುಹೋಯಿತು ಎಂದೇ ಅಕ್ಕಯಮ್ಮ ಅಂದುಕೊಂಡಳು. ಸುರಭಿ ಜಯನಗರದ ಒಂದು ಬಟ್ಟೆ ಅಂಗಡಿಯಲ್ಲಿ ಬಿಲ್ಲು ಹಾಕುವ ಹುಡುಗಿ. ಹುಳಿಮಾವಿನ ರೇವಂತ್ ಮತ್ತು ಅವಳು ಒಬ್ಬರನ್ನೊಬ್ಬರು ಮೆಚ್ಚಿದ್ದರು, ಹಿರಿಯರೂ ಒಪ್ಪಿದ್ದರು. ತಟ್ಟೆ ಬದಲಾಯಿಸುವ ಹೊತ್ತಿಗೆ ವೆಂಕಟಸ್ವಾಮಿ ತಾಂಬೂಲದ ತಟ್ಟೆ ಹಿಡಿದು ಎದ್ದು ನಿಂತ, ಒಂದು ಹೆಜ್ಜೆ ಇಟ್ಟ, ತಟ್ಟೆಯ ಸಮೇತ ಬೀಗಿತಿಯ ಕಾಲ ಬುಡದಲ್ಲಿ ಬಿದ್ದ. ತೆಂಗಿನಕಾಯಿ ಉರುಳಿಕೊಂಡು ಬಾಗಿಲವರೆಗೆ ಹೋಯಿತು. ಯಾರೋ ಕಿಸಕ್ಕೆಂದರು. ಬೀಗಿತಿ ದೊಡ್ಡ ಮನಸ್ಸಿನ ಹೆಂಗಸು, "ಇರ್ಲಿ ಬಿಡಿ, ಯಾರ್ ಮನೇಲಿಲ್ಲ ಈ ಕುಡಿತ, ನಮ್ಮನೇಲೂ ಇತ್ತು" ಎಂದು ಸೆರಗು ಸರಿಮಾಡಿಕೊಂಡಳು. ಸುರಭಿ ಅವತ್ತಿನಿಂದ ಅಪ್ಪನ ಜೊತೆ ಮಾತು ಬಿಟ್ಟಳು.

ಮಾರನೆಯ ವಾರವೇ ಅಕ್ಕಯಮ್ಮ ಗಂಡನನ್ನು ಆಟೋದಲ್ಲಿ ಕೂರಿಸಿಕೊಂಡು ಬನಶಂಕರಿಯಾಚೆಯ ವಿಶ್ವವಿದ್ಯಾಲಯದ ಆಸ್ಪತ್ರೆಗೆ ಹೊರಟಳು. ಅಲ್ಲಿ ಕುಡಿತ ಬಿಡಿಸುವ ವಾರ್ಡಿದೆ ಎಂದು ಗಾರ್ಮೆಂಟ್ಸಿನ ಗೆಳತಿ ಹೇಳಿದ್ದಳು. ವಾರ್ಡಿನ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಮೂಗು ಮುಟ್ಟಿ ಎದುರಿನ ಬೆರಳು ಮುಟ್ಟಲು ಹೇಳಿದರು, ಒಂದು ಪಾದದ ಮುಂದೆ ಇನ್ನೊಂದನ್ನು ಜೋಡಿಸಿ ನಡೆಯಲು ಹೇಳಿದರು. ವೆಂಕಟಸ್ವಾಮಿಯಿಂದ ಆಗಲಿಲ್ಲ.

"ಎಷ್ಟು ವರ್ಷದಿಂದ ಕುಡಿತಿದೀರಿ?" ಎಂದು ಡಾಕ್ಟರು ಕೇಳಿದರು.

"ಕುಡಿಯಲ್ಲ ಸಾರ್" ಎಂದ ವೆಂಕಟಸ್ವಾಮಿ, ಒಂದೊಂದೇ ಅಕ್ಷರ ಎಳೆದು.

ಅಕ್ಕಯಮ್ಮ ಹಣೆ ಚಚ್ಚಿಕೊಂಡಳು. ಡಾಕ್ಟರು ಮಾತ್ರ ರಿಪೋರ್ಟಿನಿಂದ ತಲೆ ಎತ್ತಿ, "ನಿಜಾನೇ ಇರ್ಬೇಕು ಅಮ್ಮ. ಇವರ ಲಿವರ್ ನನ್ ಲಿವರ್‌ಗಿಂತ ಚೆನ್ನಾಗಿದೆ" ಎಂದರು. ಆ ಮಾತು ಹೇಳಿದ ಮೊದಲ ಮನುಷ್ಯ ಅವರೇ. ವೆಂಕಟಸ್ವಾಮಿ ಕುರ್ಚಿಯ ಕೈ ಹಿಡಿದುಕೊಂಡು ಅಳತೊಡಗಿದ.

ಅವರನ್ನು ಮೇಲಿನ ಮಹಡಿಗೆ, ಡಾಕ್ಟರ್ ಶಾಂತಲಾ ಅವರ ಬಳಿ ಕಳಿಸಲಾಯಿತು. ಮನೆತನದಲ್ಲಿ ಹರಿದು ಬರುವ ನರರೋಗಗಳ ಮೇಲೆ ಸಂಶೋಧನೆ ಮಾಡುವವರು ಅವರು. ಸ್ಕ್ಯಾನು, ರಕ್ತ, ಪ್ರಶ್ನೆಯ ಮೇಲೆ ಪ್ರಶ್ನೆ ಎಲ್ಲ ಆಯಿತು. ವೆಂಕಟಸ್ವಾಮಿಯ ತಾಯಿ ಮಾರಮ್ಮನೂ ತೂರಾಡುತ್ತಿದ್ದಳಂತೆ. ಸೇಂದಿ ಕುಡಿಯುತ್ತಾಳೆ ಎಂದು ಅವಳನ್ನೂ ಊರು ಆಡಿಕೊಂಡಿತ್ತು. ಡಾಕ್ಟರ್ ಶಾಂತಲಾ ಮಾರಮ್ಮನ ಹೆಸರನ್ನೂ ಫೈಲಿನಲ್ಲಿ ಬರೆದುಕೊಂಡರು. ರಿಪೋರ್ಟುಗಳೆಲ್ಲ ಬಂದ ದಿನ ಗಂಡಹೆಂಡಿರನ್ನು ಕರೆದು ಕೂರಿಸಿ ಹೇಳಿದರು:

"ತಲೆ ಹಿಂದೆ ಕಿರುಮೆದುಳು ಅಂತಿದೆಯಮ್ಮ. ನಡಿಗೆ, ಮಾತು, ನುಂಗೋದು ಎಲ್ಲ ಹದದಲ್ಲಿಡೋದು ಅದೇ. ಇವರದು ಸೊರಗ್ತಾ ಬಂದಿದೆ. ತಾಯಿಂದ ಬಂದಿರೋದು. ಅಟಾಕ್ಸಿಯಾ ಅಂತೀವಿ."

"ಔಷಧಿ?"

"ನಾವೆಲ್ಲ ಹುಡುಕ್ತಾನೇ ಇದೀವಿ. ಇನ್ನೂ ಸಿಕ್ಕಿಲ್ಲ." ಆಮೇಲೆ ಧ್ವನಿ ತಗ್ಗಿಸಿ, "ಮಗಳಿಗೂ ಬಂದಿರಬಹುದು, ಬರದೇನೂ ಇರಬಹುದು. ಎರಡೂ ಸಮಸಮ. ಒಂದ್ಸಲ ಕರ್ಕೊಂಡು ಬನ್ನಿ. ಟೆಸ್ಟ್ ಮಾಡಿಸ್ಲೇಬೇಕು ಅಂತಲ್ಲ, ಆದ್ರೆ ಮದುವೆಗೆ ಮುಂಚೆ ಅವಳಿಗೆ ಗೊತ್ತಾಗಲಿ" ಎಂದರು.

ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕೂತ ಮೇಲೆ ಅಕ್ಕಯಮ್ಮನ ಎದೆ ಒಡೆಯಿತು. ಎಷ್ಟು ಬೈದಿದ್ದಳು, ಎಷ್ಟು ರಾತ್ರಿ ಹೊರಗೆ ಮಲಗಿಸಿದ್ದಳು, ದೇವರ ಮುಂದೆ ಎಷ್ಟು ಆಣೆ ಹಾಕಿಸಿದ್ದಳು! ಆಣೆ ಇಟ್ಟೂ ಕುಡಿಯುತ್ತಾನೆ ಎಂದು ಇನ್ನಷ್ಟು ಬೈದಿದ್ದಳು. ಪುಡಿಯ ವಿಷಯವನ್ನು ಅವಳು ತಾನಾಗಿಯೇ ಬಾಯಿಬಿಟ್ಟಳು.

"ಗೊತ್ತಿತ್ತು ಕಣೇ" ಎಂದ ವೆಂಕಟಸ್ವಾಮಿ. "ಸಾರು ಕಹಿ ಹೊಡೀತಿತ್ತು."

"ಮತ್ಯಾಕಯ್ಯಾ ತಿಂದೆ?"

"ತಿಂದ್ಮೇಲಾದ್ರೂ ನಂಬ್ತೀಯ ಅಂತ."

ಅವಳು ಅವನ ಕೈ ಹಿಡಿದುಕೊಂಡು ಬಿಕ್ಕಿದಳು. ಈಗಲೇ ಹೋಗಿ ಇಡೀ ಬೀದಿಗೆ ಕೇಳುವ ಹಾಗೆ ಕೂಗಿ ಹೇಳುತ್ತೇನೆ, ಮೊದಲು ಮಗಳಿಗೆ ಹೇಳುತ್ತೇನೆ ಎಂದಳು. ಆಗ ವೆಂಕಟಸ್ವಾಮಿ ಬೇಡವೆಂದು ತಲೆಯಾಡಿಸಿದ. ತುಂಬ ಹೊತ್ತು ತೆಗೆದುಕೊಂಡು, ಎಡವಿ ಎಡವಿ, ಆದರೆ ಪೂರ್ತಿ ಹೇಳಿ ಮುಗಿಸಿದ.

"ಕುಡುಕನ್ ಮಗಳನ್ನ ಮದ್ವೆ ಆಗ್ತಾರೆ ಕಣೇ. ಕಾಯಿಲೆ ಮನೆಯವ್ಳನ್ನ ಯಾರು ಆಗ್ತಾರೆ? ಮದ್ವೆ ಮುಗೀಲಿ. ಅಲ್ಲೀಗಂಟ ನಾನು ಕುಡುಕನೇ. ಯಾರ್ ಹತ್ರಾನೂ ಬಾಯಿ ಬಿಡಬ್ಯಾಡ."

ಇದು ಸರಿಯಲ್ಲ ಎಂದು ಅಕ್ಕಯಮ್ಮನಿಗೆ ಗೊತ್ತಿತ್ತು. ಡಾಕ್ಟರಮ್ಮ ಹೇಳಿದ್ದೇ ಸರಿ, ಮಗಳ ಬದುಕು ಮಗಳದು. ಆದರೆ ಜೀವಮಾನವೆಲ್ಲ ಅವನ ಒಂದು ಮಾತನ್ನೂ ನಂಬದ ಹೆಂಡತಿ, ಅವನು ಕೇಳಿದ ಈ ಒಂದನ್ನು ಹೇಗೆ ಇಲ್ಲವೆನ್ನಬೇಕು? ಆಗಲಿ ಎಂದಳು. ಸುರಭಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲಿಲ್ಲ. ಡಾಕ್ಟರ್ ಶಾಂತಲಾ ಫೋನ್ ಮಾಡಿದಾಗಲೆಲ್ಲ ಮುಂದಿನ ತಿಂಗಳು ಎನ್ನುತ್ತ ಬಂದಳು.

ಆಮೇಲಿನ ದಿನಗಳನ್ನು ಅವಳು ಹೇಗೆ ಕಳೆದಳೋ ಅವಳಿಗೇ ಗೊತ್ತು. ಸುರಭಿ ಅಪ್ಪನೆದುರೇ ನಿಂತು, "ಊಟ ಇಟ್ಟಿದೀನಿ ಅಂತ ಹೇಳಮ್ಮ ಅವರಿಗೆ" ಎನ್ನುವಳು. ಅವನ ಬಟ್ಟೆ ಒಗೆಯುವಳು, ಜ್ವರ ಬಂದರೆ ಮಾತ್ರೆ ತರುವಳು, ಮಾತಾಡಿಸುವುದು ಮಾತ್ರ ಇಲ್ಲ. ಆ ಹುಡುಗಿಯನ್ನು ದೂರಿ ಏನು ಫಲ? ಅವಳು ಕಂಡದ್ದು ಅಷ್ಟೇ, ಹೆತ್ತ ತಾಯಿ ಚಿಕ್ಕಂದಿನಿಂದ ಹೇಳಿಕೊಟ್ಟದ್ದೂ ಅಷ್ಟೇ. ವೆಂಕಟಸ್ವಾಮಿ ಮಗಳ ಬೆನ್ನನ್ನೇ ನೋಡುತ್ತ ಕೂರುತ್ತಿದ್ದ. ಅಕ್ಕಯಮ್ಮನ ಬಾಯಿವರೆಗೆ ಬಂದ ಮಾತನ್ನು ಅವನು ಕಣ್ಣಲ್ಲೇ ತಡೆಯುತ್ತಿದ್ದ.

ಮದುವೆಗೆ ಇನ್ನೂ ದಿನವಿರುವಾಗಲೇ ಅವನಿಗೆ ನುಂಗುವುದು ಕಷ್ಟವಾಯಿತು. ಒಂದು ಮಧ್ಯಾಹ್ನ ಮುದ್ದೆಯ ತುತ್ತು ಅಡ್ಡದಾರಿ ಹಿಡಿದು ಶ್ವಾಸಕೋಶಕ್ಕೆ ಇಳಿಯಿತು. ಕೆಮ್ಮು, ಚಳಿಜ್ವರ, ಮತ್ತೆ ಅದೇ ಆಸ್ಪತ್ರೆ. ಎದೆಯಲ್ಲಿ ಬೆಳೆದ ಬ್ಯಾಕ್ಟೀರಿಯಾ ಯಾವ ಆಂಟಿಬಯಾಟಿಕ್‌ಗೂ ಬಗ್ಗದ ಜಾತಿಯದಾಗಿತ್ತು. ಒಂದಾದ ಮೇಲೊಂದು ಇಂಜೆಕ್ಷನ್ ಕೊಟ್ಟು ನೋಡಿದರು, ಜ್ವರ ಇಳಿಯಲಿಲ್ಲ.

"ಇಷ್ಟು ದೊಡ್ಡ ಆಸ್ಪತ್ರೇಲಿ ಒಂದ್ ಔಷಧಿ ಇಲ್ವಾ ಮೇಡಂ?" ಎಂದು ಅಕ್ಕಯಮ್ಮ ಡಾಕ್ಟರ್ ಶಾಂತಲಾ ಅವರ ಕೈ ಹಿಡಿದು ಕೇಳಿದಳು.

ಅವರು ಸುಳ್ಳು ಹೇಳುವ ಪೈಕಿ ಅಲ್ಲ. "ಈ ಬ್ಯಾಕ್ಟೀರಿಯಾನ ಕೊಲ್ಲೋ ಪದಾರ್ಥ ಒಂದನ್ನ ನಮ್ಮ ಲ್ಯಾಬ್‌ನವರು ಮಣ್ಣಲ್ಲಿರೋ ಇನ್ನೊಂದು ಬ್ಯಾಕ್ಟೀರಿಯಾದಿಂದ ತೆಗೆದಿದ್ದಾರೆ. ಗಾಜಿನ ತಟ್ಟೇಲಿ ಕೊಲ್ಲುತ್ತೆ ಅಮ್ಮ. ಮನುಷ್ಯರಿಗೆ ಕೊಡೋ ಹಂಗಾಗೋಕೆ ಇನ್ನೂ ವರ್ಷಗಳೇ ಬೇಕು. ಈಗ ಕೊಟ್ರೆ ಅದೇ ವಿಷ ಆಗಬಹುದು" ಎಂದರು. ಅದೇ ಕಟ್ಟಡದಲ್ಲಿ, ಎರಡು ಮಹಡಿ ಮೇಲೆ, ತನ್ನ ಗಂಡನನ್ನು ತಿನ್ನುತ್ತಿರುವ ರೋಗಾಣು ಸಾಯುತ್ತಿದೆ ಎಂಬುದನ್ನು ಅಕ್ಕಯಮ್ಮನ ಮನಸ್ಸು ಒಪ್ಪಲೂ ಆರದು, ಮರೆಯಲೂ ಆರದು.

ಸುರಭಿ ಬರುವ ಹೊತ್ತಿಗೆ ವೆಂಕಟಸ್ವಾಮಿಯ ಬಾಯಿಗೆ ನಳಿಕೆ ಹಾಕಿದ್ದರು. ಅವಳು ಹಾಸಿಗೆಯ ಪಕ್ಕ ನಿಂತಳು. "ಅಪ್ಪಾ" ಎಂದಳು. ಅವನಿಗೆ ಕೇಳಿಸಿತೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಮರುದಿನ ಬೆಳಿಗ್ಗೆ ತೀರಿಕೊಂಡ. ಕುಡಿದು ಕುಡಿದು ಎದೆ ಹಾಳುಮಾಡಿಕೊಂಡ ಎಂದು ಬೀದಿ ಮರುಗಿತು. ಮರುಕ ನಿಜವಾದದ್ದೇ, ಹೆಣ ಹೊರಲು ನಾ ಮುಂದು ತಾ ಮುಂದು ಎಂದು ಬಂದರು.

ಮೂರನೆಯ ದಿನ ಹಾಲುತುಪ್ಪ. ಸತ್ತವರ ಮಣ್ಣಿನ ಮೇಲೆ ಹಾಲುತುಪ್ಪ ಬಿಟ್ಟು, ಅವರಿಗೆ ಬದುಕಿದ್ದಾಗ ಇಷ್ಟವಾಗಿದ್ದನ್ನೆಲ್ಲ ಎಲೆಯಲ್ಲಿಟ್ಟು ಎಡೆ ಕೊಡುವುದು ಅವರ ಪದ್ಧತಿ. ಅಕ್ಕಯಮ್ಮ ಮುದ್ದೆ, ಕೋಳಿಸಾರು, ಎಲೆಅಡಿಕೆ ಇಟ್ಟಳು. ಹುಳಿಮಾವಿನಿಂದ ರೇವಂತನೂ ಬೀಗಿತಿಯೂ ಬಂದು ಒಂದು ಪಕ್ಕ ನಿಂತಿದ್ದರು. ಆಗ ಶಾಮಣ್ಣ ಕಣ್ಣೊರೆಸಿಕೊಳ್ಳುತ್ತ ಮುಂದೆ ಬಂದ, ಜೇಬಿನಿಂದ ಬ್ರಾಂದಿಯ ಕ್ವಾರ್ಟರ್ ಬಾಟ್ಲಿ ತೆಗೆದು ಮುಚ್ಚಳ ತಿರುಗಿಸಿದ.

"ನಮ್ ಭಾವಂಗೆ ಒಳ್ಳೇದೇ ತಂದಿದೀನಿ ಅಕ್ಕಾ. ಕೊನೇ ಸಲ" ಎಂದ. ಅಷ್ಟು ಪ್ರೀತಿ ಇತ್ತು ಆ ಬಾಟ್ಲಿಯಲ್ಲಿ.

ಅಕ್ಕಯಮ್ಮ ಬೇಡ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಸುರಭಿ ಕೈ ಚಾಚಿದಳು. "ಕೊಡು ಮಾವ, ನಾನೇ ಹಾಕ್ತೀನಿ." ಮಂಡಿಯೂರಿ ಕೂತು, ಅಪ್ಪನ ಮಣ್ಣಿಗೆ ಬ್ರಾಂದಿ ಸುರಿಯುತ್ತ, ಇಷ್ಟು ದಿನ ತಡೆಹಿಡಿದದ್ದನ್ನೆಲ್ಲ ಒಂದೇ ಸಲ ಹೊರಹಾಕಿದಳು.

"ಅವತ್ತೊಂದು ದಿನ ಬಿಟ್ಟಿರ್ಬೋದಿತ್ತಲ್ಲಪ್ಪಾ... ನನಗೋಸ್ಕರ ಒಂದೇ ಒಂದು ದಿನ... ಆಗ್ಲಿಲ್ವಲ್ಲಪ್ಪಾ ನಿನ್ ಕೈಲಿ..."

ಅಷ್ಟನ್ನು ಕೇಳಿಕೊಂಡು ಸುಮ್ಮನಿರಲು ಅಕ್ಕಯಮ್ಮನಿಂದ ಆಗಲಿಲ್ಲ.

"ಅವತ್ತು ಕುಡಿದಿರ್ಲಿಲ್ಲ ಕಣೇ" ಎಂದಳು. "ಯಾವತ್ತೂ ಕುಡಿದಿರ್ಲಿಲ್ಲ ನಿಮ್ಮಪ್ಪ. ಒಂದ್ ತೊಟ್ಟೂ ಮುಟ್ಟಿರ್ಲಿಲ್ಲ."

ಸುರಭಿ ಕೈ ನಿಲ್ಲಿಸಿ ತಲೆ ಎತ್ತಿದಳು. "ಮತ್ತೆ ಯಾಕಮ್ಮ ಬಿದ್ರು?"

ಉತ್ತರ ಅಕ್ಕಯಮ್ಮನ ನಾಲಿಗೆಯ ತುದಿಯಲ್ಲೇ ಇತ್ತು. ಬೀಗಿತಿ ಮಾತು ಕೇಳುವಷ್ಟು ಹತ್ತಿರದಲ್ಲಿ, ಅವಳ ಮುಖವನ್ನೇ ನೋಡುತ್ತ ನಿಂತಿದ್ದಳು. ಅಕ್ಕಯಮ್ಮ ಬೀಗಿತಿಯನ್ನು ನೋಡಿದಳು, ರೇವಂತನನ್ನು ನೋಡಿದಳು, ಹಸಿ ಮಣ್ಣನ್ನು ನೋಡಿದಳು. ಮದುವೆ ಇನ್ನೂ ಆಗಿರಲಿಲ್ಲ.

"ಇರ್ಲಿ ಬಿಡಮ್ಮ" ಎಂದಳು ಸುರಭಿ, ಮೆತ್ತಗೆ. "ನನಗೀಗ ಕೋಪ ಇಲ್ಲ."

"ಹೌದಕ್ಕಾ, ಭಾವ ಮುಟ್ಟಿದೋರೇ ಅಲ್ಲ" ಎಂದು ಶಾಮಣ್ಣ ಅವಳ ಭುಜ ಹಿಡಿದು, ಯಾರಿಗೋ ನೀರು ತರುವಂತೆ ಕಣ್ಣಲ್ಲೇ ಸನ್ನೆ ಮಾಡಿದ. ಬೀಗಿತಿಯೂ ಹತ್ತಿರ ಬಂದು, "ಪಾಪ, ಹಂಗೇ ಅನ್ಸುತ್ತೆ ಕಣಮ್ಮ, ನಮ್ಮನೆಯವರು ಹೋದಾಗ ನಾನೂ ಹಿಂಗೇ ಅಂತಿದ್ದೆ" ಎಂದು ಅವಳ ತಲೆ ಸವರಿದಳು.

"ಇಲ್ಲ, ನಿಜವಾಗ್ಲೂ ಕುಡೀತಿರ್ಲಿಲ್ಲ" ಎಂದಳು ಅಕ್ಕಯಮ್ಮ ಮತ್ತೊಮ್ಮೆ. ಎಲ್ಲರೂ ಕರುಣೆಯಿಂದ ಹೌದೆಂದು ತಲೆಯಾಡಿಸಿದರು, ಸುರಭಿ ಬಾಟ್ಲಿಯಲ್ಲಿ ಉಳಿದದ್ದನ್ನೂ ಮಣ್ಣಿಗೆ ಸುರಿದಳು.