ಕೆಂಪು ಚೀಟಿ ಹತ್ತಿದ ಸೀಟು

ಲಿಂಗಸುಗೂರಿನ ನಗೆ ಬಳಗದವರು ನನ್ನನ್ನು ಸನ್ಮಾನಕ್ಕೆ ಕರೆದಿದ್ದರು. ಅವರು ಕರೆಯಬೇಕೆಂದಿದ್ದ ಹಾಸ್ಯಗಾರರಿಗೆ ಅವತ್ತೇ ಬೇರೆ ಊರಿನಲ್ಲಿ ಕಾರ್ಯಕ್ರಮ ಸಿಕ್ಕಿತ್ತಂತೆ. ನಮ್ಮೂರು ಮಸ್ಕಿ ಅಲ್ಲಿಗೆ ಹತ್ತಿರ, ಬಸ್ಸಿನ ಖರ್ಚು ಕಡಿಮೆ, ಹೀಗಾಗಿ ನಾನು. ಬಸ್ಸಿನಲ್ಲಿ ಕೂಡಲು ಜಾಗ ಸಿಗದೆ ನಿಂತೇ ಹೋದೆ. ದಾರಿಯುದ್ದಕ್ಕೂ ಬೆನ್ನ ಹಿಂದೆ ಕಿಸಕ್ಕೆಂದು ನಗುವ ಸದ್ದು. ವಾರಪತ್ರಿಕೆಯಲ್ಲಿ ನನ್ನ ಅಂಕಣ ಬಂದ ದಿನವಾದ್ದರಿಂದ ಓದುತ್ತಿದ್ದಾರೆ ಎಂದುಕೊಂಡು, ತಿರುಗಿ ನೋಡಿ ಅವರ ಸುಖ ಕೆಡಿಸಲಿಲ್ಲ.

ವೇದಿಕೆಯ ಮೇಲೆ ಮಾತಾಡುವಾಗಲೂ ಅದೇ ಆಯಿತು. ಎದುರಿಗೆ ಕೂತವರು ಎಂದಿನಂತೆ ಗಂಭೀರವಾಗಿದ್ದರು. ಹಿಂದೆ ಕುರ್ಚಿಯಲ್ಲಿದ್ದ ಅತಿಥಿಗಳು ಮಾತ್ರ ಕಣ್ಣು ಒರೆಸಿಕೊಂಡು ನಗುತ್ತಿದ್ದರು. ಕೊನೆಗೆ ಬಳಗದ ಅಧ್ಯಕ್ಷ ಸಂಗನಬಸವ ಶಾಲು ಹಿಡಿದು ಬಂದ. ನನ್ನ ಬೆನ್ನು ನೋಡಿದ. "ಪಂಪಣ್ಣ, ಇಲ್ಲೇನೋ ಬರದೈತಿ ನೋಡಪಾ" ಅಂದ. ಮೈಕು ಅಲ್ಲೇ ಇತ್ತು. ಅವನಿಗೆ ಏನು ಸಿಕ್ಕರೂ ಗಟ್ಟಿಯಾಗಿ ಓದುವ ಚಾಳಿ.

"ಅನಗತ್ಯ. ವಿಲೇವಾರಿ ಬಾಕಿ."

ಸಭೆ ಬಿದ್ದು ಬಿದ್ದು ನಕ್ಕಿತು. ನನ್ನ ಇಷ್ಟು ವರ್ಷದ ಹಾಸ್ಯ ಜೀವನದಲ್ಲಿ ಅಂಥ ನಗು ಇನ್ನೊಂದಿಲ್ಲ. ಸಂಗನಬಸವ ಪಾಪ, ಬೆನ್ನಿಗೆ ಅಂಟಿದ್ದ ಚೀಟಿಯ ಮೇಲೆಯೇ ಶಾಲು ಹೊದಿಸಿದ.

ಆ ಕೆಂಪು ಚೀಟಿ ಎಲ್ಲಿಂದ ಬಂತು ಎಂದು ಹೇಳಬೇಕಾದರೆ ಜಂಗ್ಲಿಸಾಬನ ಬಗ್ಗೆ ಹೇಳಬೇಕು.

ಮಸ್ಕಿಯಿಂದ ಸಿಂಧನೂರಿಗೆ ಹೋಗುವ ರಸ್ತೆಯಲ್ಲಿ, ಊರು ಮುಗಿಯಿತು ಅನ್ನುವಷ್ಟರಲ್ಲಿ ಎಡಕ್ಕೊಂದು ತಗಡಿನ ಶೆಡ್ಡು. ಅದು ಜಂಗ್ಲಿಸಾಬನ ವರ್ಕ್‌ಶಾಪು. ಗದ್ದೆಯ ಕೆಸರಿನಲ್ಲಿ ಟ್ರ್ಯಾಕ್ಟರು ಹೂತುಹೋಗದಂತೆ ಹಾಕುವ ಕಬ್ಬಿಣದ ಪಂಜರದಂಥ ಗಾಲಿ ಇರುತ್ತದಲ್ಲ, ಕೇಜ್‌ವೀಲು, ಅದನ್ನು ಮಾಡುವುದರಲ್ಲಿ ಅವನದು ಪಳಗಿದ ಕೈ. ಅವನಪ್ಪ ನೇಗಿಲಿನ ಕುಳ ಬಡಿಯುತ್ತಿದ್ದ. ಇವನು ಸಿಂಧನೂರಿನ ಕಡೆ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನ ಮೇಸ್ತ್ರಿಯೊಬ್ಬನ ಕೈಕೆಳಗೆ ವೆಲ್ಡಿಂಗ್ ಕಲಿತು, ಜೊತೆಗೆ ಒಂದಷ್ಟು ತೆಲುಗು ಬೈಗುಳವನ್ನೂ ಕಟ್ಟಿಕೊಂಡು ಊರಿಗೆ ಬಂದ. ಶಾಲೆಯಲ್ಲಿ ನನ್ನ ಪಕ್ಕ ಕೂಡುತ್ತಿದ್ದವನು. ಆಗಲೂ ಮಾತು ಕಡಿಮೆ. ವೆಲ್ಡಿಂಗ್ ರಾಡು, ಮಾತು, ಎರಡನ್ನೂ ಬೇಕಾದಷ್ಟೇ ಸುಡುವ ಮನುಷ್ಯ. ಮುಖ ನೋಡಿ ಅವನು ತಮಾಷೆ ಮಾಡುತ್ತಿದ್ದಾನೋ ಇಲ್ಲವೋ ಎಂದು ಹೇಳಲು ಅವನ ಹೆಂಡತಿ ಗುಲ್ಷನ್‌ಬೀಗೂ ಇವತ್ತಿನ ತನಕ ಆಗಿಲ್ಲ.

ನನಗೂ ಆ ಶೆಡ್ಡಿಗೂ ಏನು ಸಂಬಂಧ ಅಂದರೆ, ಕೂಡುವುದು. ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಝೆರಾಕ್ಸ್ ಅಂಗಡಿಯಿದೆ. ನಾನು ಕೂತರೆ ಮಷೀನು ಕಾಗದ ನುಂಗುತ್ತದೆ, ಹೆಂಡತಿ ಶೇಖರಮ್ಮ ಕೂತರೆ ಮರ್ಯಾದೆಯಿಂದ ಉಗುಳುತ್ತದೆ. ಹೀಗಾಗಿ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದು ಅವಳ ಕೈಗೆ ಕೊಟ್ಟು ನಾನು ಜಂಗ್ಲಿಯ ಶೆಡ್ಡಿಗೆ ಹೋಗುತ್ತೇನೆ. ಗುಜರಿಗೆ ಹೋಗಬೇಕಿದ್ದ ಹಳೇ ಟ್ರ್ಯಾಕ್ಟರಿನ ಸೀಟನ್ನು ಅವನೇ ಒಂದು ಪೈಪಿನ ಮೇಲೆ ಕೂಡಿಸಿ ನನಗೆಂದು ಕೊಟ್ಟಿದ್ದ. ನನ್ನ ಅಂಕಣ ಹುಟ್ಟುವುದು ಆ ಸೀಟಿನ ಮೇಲೆ. ಬಂದವರ ಮಾತು ಕೇಳುತ್ತೇನೆ, ಬರೆಯುತ್ತೇನೆ, ಬರೆದದ್ದನ್ನು ಬಂದವರಿಗೇ ಓದಿ ಹೇಳುತ್ತೇನೆ. ಆ ಸೀಟು ಹೋದರೆ ಅಂಕಣ ಹೋದಂತೆ. ಅಂಕಣ ಹೋದರೆ ನಾನು ಬರೀ ಝೆರಾಕ್ಸ್ ಶೇಖರಮ್ಮನ ಗಂಡ.

ಎಲ್ಲ ಸುಸೂತ್ರವಾಗಿತ್ತು, ಸುತ್ತಿಗೆ ಕಳೆಯುವ ತನಕ. ಜಂಗ್ಲಿಯ ಶೆಡ್ಡಿನಲ್ಲಿ ಸಾಮಾನು ಕಳೆಯುವುದು ಹೊಸದಲ್ಲ. ಆದರೆ ಈ ಸಲ ಸಾಲಗುಂದದ ದೊಡ್ಡಬಸಪ್ಪ ಎಂಬ ರೈತ, ಹೆಂಟೆ ಒಡೆಯಲು ಮಾಡಿಸಿಕೊಂಡಿದ್ದ ಕಬ್ಬಿಣದ ಡ್ರಮ್ಮನ್ನು ಟ್ರೇಲರಿನಲ್ಲಿ ವಾಪಸು ಹೇರಿಕೊಂಡು ಬಂದ.

"ಏನ್ ಮಾಡಿಯೋ ಜಂಗ್ಲಿಸಾಬ? ಉರುಳಿದಾಗೊಮ್ಮೆ ಒಳಗ ಯಾರೋ ಕದಾ ಬಡದಂಗ ಆಕ್ಕೈತಿ. ಎತ್ತು ಬೆದರಾಕತ್ತಾವು!"

ಜಂಗ್ಲಿ ಡ್ರಮ್ಮನ್ನು ಕೊಯ್ದ. ಒಳಗೆ ಸುತ್ತಿಗೆ. ಇಟ್ಟಲ್ಲೇ ಮರೆತು, ಮೇಲೆ ಮುಚ್ಚಳ ವೆಲ್ಡ್ ಮಾಡಿಬಿಟ್ಟಿದ್ದ. ಅದನ್ನು ಕೈಗೆ ತಗೊಂಡು, "ಇದನ್ನ ಹುಡುಕಾಕತ್ತಿದ್ದೆ" ಅಂದ. ಅಷ್ಟೇ.

ಆದರೆ ಸುತ್ತಿಗೆ ಅವನ ಮನಸ್ಸಿಗೆ ನಾಟಿತ್ತು. ಸಣ್ಣ ಕಾರ್ಖಾನೆಗಳಿಗೆ ಅಚ್ಚುಕಟ್ಟಾಗಿ, ಏನೂ ದಂಡವಾಗದಂತೆ ಕೆಲಸ ಮಾಡುವುದನ್ನು ಕಲಿಸುವ ಸರಕಾರದ ಯೋಜನೆಯೊಂದಿದೆ, ಲೀನ್ ಅಂತ ಅದರ ಹೆಸರು, ಕಲಿಸುವವರ ಖರ್ಚಿನ ಬಹುಪಾಲು ಸರಕಾರದ್ದೇ ಎಂದು ಯಾರೋ ಹೇಳಿದರು. ಕಲಿತು ಸರ್ಟಿಫಿಕೇಟು ತಂದರೆ ನಿನ್ನ ಗಾಲಿಗಳನ್ನು ನನ್ನ ಶೋರೂಮಿನಲ್ಲಿ ಇಡುತ್ತೇನೆ ಎಂದು ರಾಯಚೂರಿನ ಟ್ರ್ಯಾಕ್ಟರ್ ಡೀಲರನೂ ಮಾತು ಕೊಟ್ಟ. ಜಂಗ್ಲಿ ಅರ್ಜಿ ಹಾಕಿದ. ಕಲಿಸಲು ಅಶ್ವಿನಿ ಮೇಡಂ ಬಂದರು.

ನಮ್ಮ ಅಂಗಡಿಗೆ ಬರುವ ಕಾಲೇಜಿನ ಹುಡುಗಿಯರಿಗಿಂತ ನಾಕು ವರ್ಷ ದೊಡ್ಡವರಿರಬಹುದು. ಕೈಯಲ್ಲಿ ಕೆಂಪು ಚೀಟಿಗಳ ಕಟ್ಟು. ಕೆಲಸಕ್ಕೆ ಬಾರದ ಸಾಮಾನಿಗೆಲ್ಲ ಅದನ್ನು ಹಚ್ಚುವುದು. ಸರ್ಟಿಫಿಕೇಟು ಕೊಡುವ ಸಾಹೇಬರು ನೋಡಲು ಬರುವುದರೊಳಗೆ ಅದರ ಉಪಯೋಗ ತೋರಿಸಬೇಕು, ಇಲ್ಲವಾದರೆ ಗುಜರಿಗೆ. ಬೇಕಾದ ಸಾಮಾನಿಗೆ ಒಂದು ಜಾಗ, ಜಾಗದ ಸುತ್ತ ಹಳದಿ ಗೆರೆ.

ಜಂಗ್ಲಿಗೆ ಈ ಗೆರೆಯ ಹುಚ್ಚು ಹತ್ತಿತು. ನಟ್ಟು ತಿರುಗಿಸುವ ಪಾನಾಕ್ಕೆ ಗೆರೆ, ಗರಗಸಕ್ಕೆ ಗೆರೆ, ಚಹದ ಗ್ಲಾಸಿಗೆ ಗೆರೆ. ಬಾಗಿಲಲ್ಲಿ ಮಲಗುತ್ತಿದ್ದ ಆಡಿನ ಸುತ್ತಲೂ ಎಳೆದ. ಆಡು ಎದ್ದು ಹೋಗಿ ಪಕ್ಕದಲ್ಲಿ ಮಲಗಿತು. ಮನೆಗೂ ಹೋಗಿ ಅಡಿಗೆ ಮನೆಯಲ್ಲಿ ರೊಟ್ಟಿಯ ಹಂಚಿಗೊಂದು ಗೆರೆ ಎಳೆದನಂತೆ. ಗುಲ್ಷನ್‌ಬೀ ಅದೇ ಬ್ರಷ್ಷು ತಗೊಂಡು ಹೊಸ್ತಿಲಿನ ಆಚೆ ಅಂಗಳದಲ್ಲಿ ಒಂದು ಮಂಚದಷ್ಟು ಗೆರೆ ಎಳೆದು, "ಇದು ನಿಮ್ಮ ಜಾಗ" ಅಂದಳು. ಅಲ್ಲಿಗೆ ಯೋಜನೆ ಶೆಡ್ಡಿಗೆ ವಾಪಸಾಯಿತು.

ಅಶ್ವಿನಿ ಮೇಡಂ ಎರಡು ದಿನ ಮೂಲೆಯಲ್ಲಿ ನಿಂತು ನೋಡಿ ರೋಗ ಪತ್ತೆ ಹಚ್ಚಿದರು.

"ಜಂಗ್ಲಿಸಾಬ್ರ, ನಿಮ್ಮಲ್ಲಿ ಕಬ್ಬಿಣ ದಂಡ ಆಗೋದು ಕಮ್ಮಿ. ಮಂದಿ ಜಾಸ್ತಿ. ಗಿರಾಕಿಗಳು ಬಂದು ಇಡೀ ದಿನ ಇಲ್ಲೇ ಕೂಡ್ತಾರ. ಕೊಯ್ದಿಟ್ಟ ಕಬ್ಬಿಣದ ಆಂಗಲ್ ಮೇಲೇ ಕೂಡ್ತಾರ. ನಿಮ್ಮ ಪಾನಾ ಅವರ ಕೈಯಾಗ ಇರತೈತಿ. ಕೆಲಸದ ಜಾಗದಾಗ ಒಬ್ಬ ಗಿರಾಕಿನೂ ನಿಂದ್ರಬಾರದು. ಸಾಹೇಬ್ರು ಅದನ್ನೇ ಮೊದಲು ನೋಡ್ತಾರ."

ಮಾತು ನಿಜ. ಕಾಲುವೆಗೆ ನೀರು ಬಿಟ್ಟರೆಂದರೆ ವಳಕಮದಿನ್ನಿ, ಸಾಲಗುಂದದ ಮಂದಿಯೆಲ್ಲ ಒಂದೇ ಸಲ ಬಂದು ಬೀಳುತ್ತಾರೆ. "ನಂದು ಆತೇನು?" ಅಂತ ಕೇಳಿದರೆ ಜಂಗ್ಲಿ "ಆಗೇತಿ" ಅನ್ನುತ್ತಾನೆ. ಆಗಿರುವುದು ಆಂಗಲ್ ಕೊಯ್ದದ್ದು ಮಾತ್ರ. ಒಯ್ದೇ ಹೋಗುತ್ತೇವೆಂದು ಅವರು ಅಲ್ಲೇ ಠಿಕಾಣಿ ಹೂಡುತ್ತಾರೆ. ಬುತ್ತಿ ಬಿಚ್ಚಿದವರೂ ಇದ್ದಾರೆ. ಎದ್ದು ಹೋಗಿರೆಂದು ಹೇಳಲು ಜಂಗ್ಲಿಯ ಬಾಯಿ ಬರುವುದಿಲ್ಲ. ಹೇಳಿದರೆ ಮುಂದಿನ ಹಂಗಾಮಿಗೆ ಅವರು ಮುದಗಲ್ಲಿಗೆ ಹೋಗಿ ಗಾಲಿ ಮಾಡಿಸಿಯಾರು.

"ಮತ್ತ ಇದು?" ಮೇಡಂ ನನ್ನ ಕಡೆ ತೋರಿಸಿದರು. ಸೀಟಿನ ಕಡೆ ಎಂದು ನಾನು ಅಂದುಕೊಂಡೆ.

"ಹಳೇದ್ರಿ" ಅಂದ ಜಂಗ್ಲಿ.

"ಉಪಯೋಗ?"

ಜಂಗ್ಲಿ ಸೀಟಿನ ಪೈಪನ್ನು ಒಮ್ಮೆ ಅಲುಗಾಡಿಸಿದ. "ನೋಡಬೇಕ್ರಿ" ಅಂದ.

ಮರುದಿನ ನಾನು ಹೋಗುವಷ್ಟರಲ್ಲಿ ಸೀಟಿನ ಬೆನ್ನಿಗೆ ಎರಡೂ ಬದಿ ಅಚ್ಚಾಗಿದ್ದ ಕೆಂಪು ಚೀಟಿ ಅಂಟಿಸಿಯಾಗಿತ್ತು. ನಾನು ನೋಡಲಿಲ್ಲ. ಒರಗಿ ಕೂತೆ. ಅಂಚಿನಿಂದ ಉಕ್ಕಿದ್ದ ಹಸಿ ಅಂಟು ಸೀಟಿಗಿಂತ ನನ್ನ ಅಂಗಿಯನ್ನೇ ಇಷ್ಟಪಟ್ಟಿತು. ಅಲ್ಲಿಂದ ಸೀದಾ ಲಿಂಗಸುಗೂರಿನ ಬಸ್ಸು ಹತ್ತಿದೆ. ಮುಂದಿನದು ನಿಮಗೆ ಗೊತ್ತು.

ಸನ್ಮಾನದಿಂದ ಮನೆಗೆ ಬಂದು ಚೀಟಿಯನ್ನು ಶೇಖರಮ್ಮನ ಮುಂದೆ ಹಿಡಿದೆ. ಅವಳು ತಿರುಗಿಸಿ ತಿರುಗಿಸಿ ನೋಡಿದಳು.

"ಅಕ್ಷರ ಚಲೋ ಮೂಡ್ಯಾವು" ಅಂದಳು.

"ಅಂದ್ರ?"

"ನಮ್ಮ ಅಂಗಡ್ಯಾಗ ಪ್ರಿಂಟ್ ಹೊಡದದ್ದ ಇದು. ಆ ಮೇಡಂ ಕಟ್ಟುಗಟ್ಲೆ ಒಯ್ದಾರ. ಒಂದು ಮನಿಗೂ ಇಟಗೊಂಡೀನಿ."

ಮರುದಿನ ಬೆಳಿಗ್ಗೆಯೇ ಜಂಗ್ಲಿಯ ಎದುರು ನಿಂತೆ.

"ಏನಲೇ, ನಾ ಅನಗತ್ಯ ಏನು?"

"ಚೀಟಿ ಸೀಟಿಗೆ ಹಚ್ಚಿದ್ದು. ನೀ ಯಾಕ ಒಯ್ದಿ?" ಅಂದು ನನ್ನ ಕೈಯಿಂದ ಇಸಿದುಕೊಂಡು, ಎರಡು ಕಡೆ ಟೇಪು ಹಾಕಿ ಮತ್ತೆ ಸೀಟಿಗೇ ಅಂಟಿಸಿದ.

"ಈ ಸೀಟು ಹೋದ್ರ ನಾ ಎಲ್ಲಿ ಕೂತು ಬರೀಲಿ?"

"ಸಾಹೇಬ್ರು ಬರೂ ತನಕ ಟೈಮ್ ಐತಿ. ಉಪಯೋಗ ತೋರಸು."

ನಾನು ಉಪಯೋಗಕ್ಕೆ ಬೀಳಲು ಹೊರಟೆ. ಆಂಗಲ್ ಹಿಡಿಯಲು ಹೋಗಿ ಚಹದ ಗ್ಲಾಸು ಕೆಡವಿದೆ. ಕಸ ಗುಡಿಸಲು ಹೋಗಿ ಹಸಿ ಬಣ್ಣದ ಗೆರೆಯನ್ನು ಗೇಟಿನ ತನಕ ಎಳೆದುಬಿಟ್ಟೆ. ಗುಜರಿಯ ಮಸ್ತಾನಸಾಬ ಆಗಲೇ ಒಂದು ಸುತ್ತು ಬಂದು ಹೋಗಿದ್ದ. ಸೀಟನ್ನೂ ಅದರ ಮೇಲಿದ್ದ ನನ್ನನ್ನೂ ಒಟ್ಟಿಗೆ ಅಳೆದು ನೋಡಿ, "ಎರಡೂ ಕೂಡೆ ಏನ್ರಿ?" ಅಂದ.

ಕೊನೆಗೆ ನನಗೆ ಬರುವ ಒಂದೇ ಕೆಲಸ ಮಾಡತೊಡಗಿದೆ. ವಳಕಮದಿನ್ನಿಯ ರೈತನೊಬ್ಬ ಆಂಗಲ್ ಮೇಲೆ ಕೂತು ಬೀಡಿ ಹಚ್ಚಿದ್ದ. ಹೊಸ ಅಂಕಣ ತೆಗೆದು ಓದಲು ಶುರು ಮಾಡಿದೆ. ಮೂರನೇ ಪ್ಯಾರಾಕ್ಕೆ ಅವನಿಗೆ ಗೊಬ್ಬರ ತರುವುದಿದೆ ಎಂದು ನೆನಪಾಯಿತು. "ಆದಾಗ ಫೋನ್ ಮಾಡ್ರಿ ಜಂಗ್ಲಿಸಾಬ್ರ" ಅಂದವನೇ ಹೊರಟ. ಇನ್ನೊಬ್ಬನಿಗೆ ಅತ್ತೆಯ ಮನೆ ನೆನಪಾಯಿತು. ಒಳ್ಳೆಯ ಹಾಸ್ಯ ಕೇಳಿದವರಿಗೆ ಕೆಲಸ ಮಾಡುವ ಹುರುಪು ಬರುತ್ತದೆ ಎಂದು ನನಗೆ ಮೊದಲಿಂದಲೂ ಅನುಮಾನವಿತ್ತು.

ಜಂಗ್ಲಿಯೂ ಗಮನಿಸಿದ್ದ. ಅವತ್ತು ಮಧ್ಯಾಹ್ನವೇ ಸೀಟನ್ನು ಮೂಲೆಯಿಂದ ಕಿತ್ತು ಗೇಟಿನ ಹತ್ತಿರ, ಗಿರಾಕಿಗಳು ಬಂದು ಕೂಡುವ ಜಾಗದ ಎದುರಿಗೇ ಕೂಡಿಸಿದ. ನನಗೆ ಕಣ್ಣು ತುಂಬಿ ಬಂತು. ಅಷ್ಟೇ ಅಲ್ಲ, ನಾನು ಓದಲು ಬಾಯಿ ತೆಗೆದರೆ ಸಾಕು, ಗ್ರೈಂಡರಿನ ಸದ್ದು ನಿಲ್ಲಿಸುತ್ತಿದ್ದ. ಇಷ್ಟು ವರ್ಷ ನನ್ನ ಒಂದು ಸಾಲಿಗೂ ನಗದ ಮನುಷ್ಯ.

"ಇನ್ನೂ ಸ್ವಲ್ಪ ಗಟ್ಟಿ ಓದು" ಅನ್ನುತ್ತಿದ್ದ. "ಉದ್ದನ್ನವು ಇದ್ರ ಅವನ್ನ ತಗೊಂಡು ಬಾ. ಹಳೇವೂ ನಡೀತಾವು."

ನಾನು ಮೂವತ್ತು ವರ್ಷದ್ದನ್ನೆಲ್ಲ ಚೀಲದಲ್ಲಿ ತಂದೆ. ಅತ್ತ ಕೆಲಸವೂ ಜೋರಾಗಿ ಸಾಗಿತು. ಆಂಗಲ್ ಆಂಗಲಿನ ಜಾಗದಲ್ಲಿ, ಪಾನಾ ಗೆರೆಯೊಳಗೆ. ಜಂಗ್ಲಿ "ಆಗೇತಿ" ಅಂದರೆ ನಿಜವಾಗಿಯೂ ಆಗಿರುತ್ತಿತ್ತು.

ಸಾಹೇಬರು ಬರುವ ದಿನ ಕಾಲುವೆಗೆ ನೀರು ಬಿಟ್ಟು ಎರಡು ದಿನವಾಗಿತ್ತು. ಹೊರಗೆ ರಸ್ತೆಯ ಆಚೆ ಬೇವಿನ ಗಿಡದ ಕೆಳಗೆ ರೈತರು ಗುಂಪುಗಟ್ಟಿ ನಿಂತಿದ್ದರು. ಒಳಗೆ ಮಾತ್ರ ಒಂದು ನರಪಿಳ್ಳೆಯಿಲ್ಲ. ನಾನು ಬೆಳಿಗ್ಗೆಯಿಂದ ಓದಲು ಒಬ್ಬರೂ ಸಿಗದೆ ಬೇಜಾರಾಗಿ ಕೂತಿದ್ದೆ. ಸೀಟಿನ ಸುತ್ತ ಹೊಸ ಹಳದಿ ಗೆರೆ. ನನ್ನ ಚಪ್ಪಲಿಗೂ ಒಂದು.

ಸಾಹೇಬರು ಶೆಡ್ಡು ಪೂರ್ತಿ ತಿರುಗಿದರು. ಗೋಡೆ ನೋಡಿದರು, ನೆಲ ನೋಡಿದರು, ಖಾಲಿ ಜಾಗ ನೋಡಿ ತಲೆದೂಗಿದರು. ಅಶ್ವಿನಿ ಮೇಡಂ ಮುಖದಲ್ಲಿ ಹಬ್ಬ. ಆಮೇಲೆ ಇಬ್ಬರೂ ಗೇಟಿನ ಹತ್ತಿರ ಬಂದು ನನ್ನ ಮುಂದೆ ನಿಂತರು. ನಾನು ಏನಾದರಾಗಲಿ ಎಂದು ಚೀಲಕ್ಕೆ ಕೈ ಹಾಕಿದೆ. ಆಚೆ ಗಿಡದ ಕೆಳಗಿದ್ದ ಗುಂಪು ಇನ್ನೊಂದಿಷ್ಟು ಹಿಂದೆ ಸರಿಯಿತು.

ಸರ್ಟಿಫಿಕೇಟು ಈಗ ಶೆಡ್ಡಿನ ಗೋಡೆಯ ಮೇಲಿದೆ, ಅದರ ಸುತ್ತಲೂ ಗೆರೆಯಿದೆ. ನನ್ನ ಸೀಟೂ ಇದ್ದಲ್ಲೇ ಇದೆ. ಆದರೆ ಅವತ್ತು ಜಂಗ್ಲಿ ಏನು ಹೇಳಿದ ಎಂಬುದಕ್ಕೆ ಲಿಂಗಸುಗೂರಿನ ತನಕ ತಲೆಗೊಂದು ಆವೃತ್ತಿ ಹಬ್ಬಿರುವುದರಿಂದ, ಪಕ್ಕದಲ್ಲೇ ಕೂತು ಕೇಳಿದ ನಾನೇ ಬರೆದಿಡುವುದು ವಾಸಿ.

"ಇದಕ್ಕ ಕೆಂಪು ಚೀಟಿ ಹಚ್ಚಿದ್ವಿ ಅಲ್ರಿ?" ಅಶ್ವಿನಿ ಮೇಡಂ ಕೇಳಿದರು. "ಗುಜರಿಗೆ ಯಾಕ ಹಾಕಿಲ್ಲ? ಇವರದು ಇಲ್ಲಿ ಏನು ಕೆಲಸ?"

ಜಂಗ್ಲಿ ಹಣೆಯ ಮೇಲಿನ ಕನ್ನಡಕ ತೆಗೆದು, ಅದರ ಗೆರೆಯೊಳಗಿಟ್ಟು, ಕೈ ಒರೆಸಿಕೊಂಡ.

"ಗಿರಾಕಿ ಒಳಗ ನಿಂದ್ರಬಾರದು ಅಂದಿದ್ರಲ್ರಿ ಮೇಡಂ. ಇವರು ಓದ್ತಾರ್ರಿ."